ಸ್ಕ್ಯಾನ್ ಮಾಡೋದು ಪುಕ್ಕಟೆ, ಖರ್ಚು ಯಾರ ತಲೆ ಮೇಲೆ?

ಪ್ರಶ್ನೆ: ನಮ್ಮದು ದಿನಸಿ ಅಂಗಡಿ. ಮುಕ್ಕಾಲು ಪಾಲು ಗಿರಾಕಿಗಳು ಸ್ಕ್ಯಾನ್ ಮಾಡಿಯೇ ದುಡ್ಡು ಕೊಡ್ತಾರೆ. ಯುಪಿಐಗೆ ಚಾರ್ಜ್ ಬೀಳುತ್ತೆ ಅಂತ ಆಗಾಗ ಸುದ್ದಿ ಬರುತ್ತೆ, ಮರುದಿನ ಸುಳ್ಳು ಅಂತಾರೆ. ಇದರ ಖರ್ಚು ಯಾರು ಕೊಡ್ತಿದ್ದಾರೆ? ಎಷ್ಟು ದಿನ ಹೀಗೆ ನಡೆಯುತ್ತೆ?
– ಓದುಗರು, ತಿಪಟೂರು

ಉತ್ತರ: ನಿಮಗೂ ಪುಕ್ಕಟೆ, ಗಿರಾಕಿಗೂ ಪುಕ್ಕಟೆ. ಆದರೆ ಖರ್ಚು ಇದ್ದೇ ಇದೆ.

ಯಾರೋ 40 ರೂಪಾಯಿ ಸಕ್ಕರೆಗೆ ಸ್ಕ್ಯಾನ್ ಮಾಡಿದರು ಅಂದುಕೊಳ್ಳಿ. ಅವರ ಆ್ಯಪ್‌ನಿಂದ ಹೊರಟ ಸಂದೇಶ ಯುಪಿಐ ನಡೆಸೋ ಸಂಸ್ಥೆ ಎನ್‌ಪಿಸಿಐಗೆ ಹೋಗುತ್ತದೆ, ಅಲ್ಲಿಂದ ಅವರ ಬ್ಯಾಂಕಿಗೆ ಹೋಗಿ ಪಿನ್ ಸರಿಯಿದೆಯಾ, ಖಾತೆಯಲ್ಲಿ ದುಡ್ಡಿದೆಯಾ ಅಂತ ನೋಡಿ, ಹಣ ಕಳೆದು, ನಿಮ್ಮ ಬ್ಯಾಂಕಿನಲ್ಲಿ ಜಮಾ ಮಾಡಿಸಿ ವಾಪಸ್ ಬರುತ್ತದೆ. 40 ರೂಪಾಯಿಗೂ 40 ಸಾವಿರಕ್ಕೂ ಇಷ್ಟೇ ಕೆಲಸ. 2025ರ ಆಗಸ್ಟ್ ಒಂದೇ ತಿಂಗಳಲ್ಲಿ ಇಂಥ 2,000 ಕೋಟಿಗೂ ಜಾಸ್ತಿ ಪಾವತಿಗಳು ನಡೆದವು. ಸರ್ವರ್, ವಂಚನೆ ತಡೆಯೋ ವ್ಯವಸ್ಥೆ, ದೂರು ನೋಡೋ ಸಿಬ್ಬಂದಿ, ಎಲ್ಲಕ್ಕೂ ದುಡ್ಡು ಬೇಕು.

ಕ್ರೆಡಿಟ್ ಕಾರ್ಡ್ ಉಜ್ಜಿದರೆ ಅಂಗಡಿಯವರಿಂದ ಎಂಡಿಆರ್ ಅಂತ ಕಮಿಷನ್ ಹಿಡಿಯುತ್ತಾರಲ್ಲ, ಅದನ್ನು ಯುಪಿಐಗೆ ಮತ್ತು ರುಪೇ ಡೆಬಿಟ್ ಕಾರ್ಡ್‌ಗೆ 2020ರ ಜನವರಿಯಿಂದ ಕಾನೂನಿನಲ್ಲೇ ತೆಗೆದುಹಾಕಿದ್ದಾರೆ. ಬದಲಿಗೆ ಕೇಂದ್ರ ಸರ್ಕಾರ ಬ್ಯಾಂಕುಗಳಿಗೆ ಪ್ರೋತ್ಸಾಹಧನ ಕೊಡುತ್ತದೆ. 2023-24ಕ್ಕೆ ಯುಪಿಐ ಪಾಲಿಗೆ 3,200 ಕೋಟಿ ರೂಪಾಯಿಗೂ ಹೆಚ್ಚು ಬಂತು. ಮರುವರ್ಷ ಪಾವತಿ ಇನ್ನೂ ಏರಿತು, ಮಂಜೂರಾದದ್ದು ಮಾತ್ರ ಸುಮಾರು 1,500 ಕೋಟಿ. ಅದೂ ಸಣ್ಣ ಅಂಗಡಿಗಳ 2,000 ರೂಪಾಯಿವರೆಗಿನ ವ್ಯವಹಾರಕ್ಕೆ ಶೇ. 0.15ರ ಲೆಕ್ಕ. ನಿಮ್ಮ ಸಕ್ಕರೆಗೆ ಆರು ಪೈಸೆ, ಅದರಲ್ಲೇ ಬ್ಯಾಂಕು, ಆ್ಯಪ್ ಕಂಪನಿ ಎಲ್ಲರೂ ಹಂಚಿಕೊಳ್ಳಬೇಕು. ಸಂಪುಟ ಒಪ್ಪಿದ್ದು 2025ರ ಮಾರ್ಚ್ 19ಕ್ಕೆ, ಅಂದರೆ ಆರ್ಥಿಕ ವರ್ಷ ಮುಗಿಯೋಕೆ ಹನ್ನೆರಡು ದಿನ ಇದ್ದಾಗ!

ನನಗೆ ಸಿಟ್ಟು ಬರೋದು ಇಲ್ಲಿ. ವರ್ಷವಿಡೀ ಕೆಲಸ ಮಾಡಿಸಿಕೊಂಡು, ಎಷ್ಟು ಕೊಡ್ತೀವಿ ಅಂತ ಕೊನೆಗೆ ಹೇಳಿದರೆ ಸಣ್ಣ ಕಂಪನಿ ಹೇಗೆ ಉಳಿಯುತ್ತೆ ಹೇಳಿ? ಕೈಯಲ್ಲಿ ದುಡ್ಡಿರುವವರು ಮಾತ್ರ ತಡೆದುಕೊಳ್ಳುತ್ತಾರೆ. ಫೋನ್‌ಪೇ, ಗೂಗಲ್ ಪೇ ಎರಡರಲ್ಲೇ ಸುಮಾರು ಶೇ. 80ರಷ್ಟು ಪಾವತಿ ನಡೆಯೋದಕ್ಕೆ ಇದೂ ಒಂದು ಕಾರಣ. ಒಂದು ಆ್ಯಪ್‌ಗೆ ಒಟ್ಟು ಪಾವತಿಗಳ ಶೇ. 30ರ ಮಿತಿ ಅಂತ ಮಾಡಿದ್ದ ನಿಯಮವನ್ನು 2026ರ ಕೊನೆಯವರೆಗೆ ಮುಂದೂಡಿದ್ದಾರೆ.

ಹಾಗಂತ ನಿಮ್ಮಂಥವರ ಮೇಲೆ ಚಾರ್ಜ್ ಹಾಕಲೇಬಾರದು. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಜಿಎಸ್‌ಟಿ ನೋಟಿಸ್ ಬಂದಾಗ ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್‌ಗಳು ಕ್ಯೂಆರ್ ಕೋಡ್ ತೆಗೆದು ‘ಕ್ಯಾಶ್ ಮಾತ್ರ’ ಅಂತ ಬೋರ್ಡ್ ಹಾಕಿದ್ದು ನೆನಪಿದೆಯಲ್ವಾ? ಅದು ತೆರಿಗೆಯ ವಿಷಯ, ನಿಜ. ಆದರೆ ಸಣ್ಣ ಅಂಗಡಿಯವರು ಎಷ್ಟು ಬೇಗ ನಗದಿಗೆ ವಾಪಸ್ ಹೋಗಬಲ್ಲರು ಅಂತ ಎಲ್ಲರಿಗೂ ಗೊತ್ತಾಯಿತು.

ದೊಡ್ಡ ಮಾಲ್, ಆನ್‌ಲೈನ್ ಮಳಿಗೆ, ವಿಮಾನ ಕಂಪನಿಗಳು ಕ್ರೆಡಿಟ್ ಕಾರ್ಡ್‌ಗೆ ಕಮಿಷನ್ ಕಟ್ಟುತ್ತಲೇ ಇವೆ. ಯುಪಿಐಗೂ ಒಂದಿಷ್ಟು ಕಟ್ಟಲಿ, ಗಿರಾಕಿಯಿಂದ ವಸೂಲಿ ಮಾಡದೆ. ನಮ್ಮ ಯುಪಿಐ ಥರದ್ದೇ ಆದ ಬ್ರೆಜಿಲ್‌ನ ಪಿಕ್ಸ್ ಹೀಗೇ ಇದೆ: ಅಲ್ಲಿನ ಕೇಂದ್ರ ಬ್ಯಾಂಕೇ ನಡೆಸುತ್ತದೆ, ಜನರಿಗೆ ಪುಕ್ಕಟೆ, ವ್ಯಾಪಾರಿಗಳಿಂದ ಬ್ಯಾಂಕುಗಳು ಶುಲ್ಕ ತೆಗೆದುಕೊಳ್ಳಬಹುದು. ಉಳಿದದ್ದಕ್ಕೆ ಬಜೆಟ್‌ನಲ್ಲಿ ಐದು ವರ್ಷಕ್ಕೆ ಇಷ್ಟು ಅಂತ ಮೊದಲೇ ಹೇಳಿಬಿಡಲಿ. ರಸ್ತೆಗೆ ಹಾಗೆ ದುಡ್ಡು ಇಡಬಹುದಾದರೆ ಇದಕ್ಕೇಕೆ ಆಗಲ್ಲ?

ಪ್ರಶ್ನೆ: ಯುಪಿಐ ಪುಕ್ಕಟೆ ಅಂತೀರಿ. ನನ್ನ ಖಾತೆಯಿಂದ ಪ್ರತಿ ತಿಂಗಳು ಸೌಂಡ್‌ಬಾಕ್ಸ್‌ಗೆ ಅಂತ ದುಡ್ಡು ಹೋಗ್ತಿದೆಯಲ್ಲ?
– ಹಣ್ಣಿನ ವ್ಯಾಪಾರಿ, ಹಾವೇರಿ

ಉತ್ತರ: ಅದು ಆ ಡಬ್ಬಿಯ ಬಾಡಿಗೆ, ಪಾವತಿಯ ಚಾರ್ಜ್ ಅಲ್ಲ. ಪಾವತಿಯಲ್ಲಿ ಸಿಗದ ದುಡ್ಡನ್ನು ಕಂಪನಿಗಳು ಹೀಗೆ ಬಾಡಿಗೆಯಲ್ಲಿ, ಸಾಲ ಮತ್ತು ವಿಮೆ ಮಾರಿ ಹುಟ್ಟಿಸಿಕೊಳ್ಳುತ್ತವೆ. ಬೇಡ ಅನಿಸಿದರೆ ಡಬ್ಬಿ ವಾಪಸ್ ಕೊಟ್ಟು ಬಾಡಿಗೆ ನಿಲ್ಲಿಸಲು ಹೇಳಿ. ತಿಂಗಳಿಗೊಮ್ಮೆ ತಾನಾಗೇ ದುಡ್ಡು ಕಳೆಯೋ ಆಟೊಪೇಗೆ ಒಪ್ಪಿಗೆ ಕೊಟ್ಟಿದ್ದರೆ ಆ್ಯಪ್‌ನಲ್ಲಿ ಅದನ್ನೂ ರದ್ದು ಮಾಡಿ. ಬರೀ ಕ್ಯೂಆರ್ ಸ್ಟಿಕ್ಕರ್ ಇಟ್ಟುಕೊಂಡರೂ ದುಡ್ಡು ಬರುತ್ತದೆ. ಗಿರಾಕಿ ತೋರಿಸೋ ಪರದೆಯನ್ನು ಮಾತ್ರ ನಂಬಬೇಡಿ, ನಿಮ್ಮ ಫೋನಿಗೆ ಮೆಸೇಜ್ ಬಂತಾ ನೋಡಿಕೊಂಡು ಹಣ್ಣು ಕೊಡಿ.