ಡ್ಯೂಯಿಯೋ ಕೋಲನ್ನೋ ಆಮೇಲೆ, ಮೊದಲು ಲೇಖಕರ ಹೆಸರು ನೋಡಿ

ಪುಸ್ತಕಗಳಿಗೆ ವಿಷಯವಾರು ನಂಬರ್ ಕೊಟ್ಟು ಕಪಾಟಿನಲ್ಲಿ ಜೋಡಿಸುವ ಪದ್ಧತಿಗಳಲ್ಲಿ ಡ್ಯೂಯಿ ಬಿಟ್ಟು ಕೋಲನ್‌ಗೆ ಬದಲಾದರೆ ನಿಮ್ಮ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಕನ್ನಡ ಪುಸ್ತಕ ಬೇಗ ಸಿಗುತ್ತವಾ ಅಂತ ಕೇಳಿದ್ದೀರಿ. ಸಿಗಲ್ಲ.

ಮುಂಬೈಯ ಒಂದು ಕಾಲೇಜಿನಲ್ಲಿ ನಾನು ಲೈಬ್ರರಿ ಕೆಲಸದಲ್ಲಿದ್ದಾಗ ಮಾಟುಂಗಾದ ಹಿರಿಯರೊಬ್ಬರು ತಮ್ಮ ಕನ್ನಡ ಪುಸ್ತಕಗಳನ್ನೆಲ್ಲ ದಾನ ಕೊಟ್ಟರು. ಸಿಬ್ಬಂದಿಯಲ್ಲಿ ಕನ್ನಡ ಓದಲು ಬರುತ್ತಿದ್ದದ್ದು ನನಗೊಬ್ಬನಿಗೇ, ಹಾಗಾಗಿ ಕೆಲಸ ನನ್ನ ತಲೆಗೇ ಬಂತು. ಡ್ಯೂಯಿಯಲ್ಲಿ ಕನ್ನಡ ಸಾಹಿತ್ಯ 894.814, ಕಥೆ ಕಾದಂಬರಿ ಆದರೆ 894.8143. ಇಲ್ಲಿಯವರೆಗೆ ತೊಂದರೆ ಇಲ್ಲ. ಎಡವಟ್ಟಾಗಿದ್ದು ಅದರ ಕೆಳಗೆ ಬರೆಯುವ, ಲೇಖಕರ ಹೆಸರಿನ ಮೂರು ಅಕ್ಷರದಲ್ಲಿ. ಪುಸ್ತಕದ ಮೊದಲ ಪುಟದಲ್ಲಿ ಏನಿದೆಯೋ ಅದನ್ನೇ ನೋಡಿ ನಾನು ಬೆನ್ನಿಗೆ ಲೇಬಲ್ ಅಂಟಿಸಿದೆ. ಕುವೆಂಪು ಅಂತಿದ್ದರೆ ಕುವೆಂಪು. ಆದರೆ ಕಂಪ್ಯೂಟರಿಗೆ ಬೇರೆ ಲೈಬ್ರರಿಗಳ ದಾಖಲೆಯನ್ನು ರೆಡಿಮೇಡ್ ಆಗಿ ಇಳಿಸಿಕೊಂಡಿದ್ದೆ, ಅಲ್ಲಿ ಅವರು ಪುಟ್ಟಪ್ಪ! ಮಾಸ್ತಿಯವರದು ಇನ್ನೂ ಕಷ್ಟ: ಒಂದು ಕಡೆ ಮಾಸ್ತಿ, ಒಂದು ಕಡೆ ಶ್ರೀನಿವಾಸ, ಇನ್ನೊಂದು ಕಡೆ ಅಯ್ಯಂಗಾರ್. ಕಂಪ್ಯೂಟರ್ ಹೇಳಿದ ಜಾಗಕ್ಕೆ ಹೋದರೆ ಪುಸ್ತಕ ಇಲ್ಲ, ಅದು ಎರಡು ಕಪಾಟು ಆಚೆ ಆರಾಮಾಗಿ ಕೂತಿದೆ. ಸ್ಟಾಕ್ ನೋಡುವಾಗ ಅವನ್ನೆಲ್ಲ ಕಳೆದುಹೋಗಿವೆ ಅಂತ ಬರೆದು, ಕೆಲವಕ್ಕೆ ದುಡ್ಡು ಕೊಟ್ಟು ಎರಡನೇ ಪ್ರತಿಯನ್ನೂ ತರಿಸಿದೆವು. ಮೇಲಿನವರ ಬೈಗುಳ ಬೇರೆ. ಲೇಬಲ್ಲು ಮತ್ತು ದಾಖಲೆ ಎರಡೂ ಒಂದೇ ಹೆಸರು ಹೇಳಬೇಕು, ಅಷ್ಟೇ ವಿಷಯ. ಅದನ್ನು ಯಾವ ಪದ್ಧತಿಯೂ ನಿಮಗಾಗಿ ಮಾಡಿಕೊಡಲ್ಲ.

ಕೋಲನ್ ಕೆಟ್ಟದ್ದು ಅಂತಲ್ಲ. ಮದ್ರಾಸಿನಲ್ಲಿ ಗ್ರಂಥಾಲಯ ತಜ್ಞ ರಂಗನಾಥನ್ 1933ರಲ್ಲಿ ಹೊರತಂದಿದ್ದು, ಡ್ಯೂಯಿಗಿಂತ ಜಾಣತನದ್ದು ಅಂತ ನಾನೂ ಒಪ್ಪುತ್ತೇನೆ. ಆದರೆ ಅದರ ಏಳನೇ ಆವೃತ್ತಿ 1987ರದು. ಆಮೇಲೆ ಹುಟ್ಟಿದ ವಿಷಯಗಳಿಗೆಲ್ಲ ನಂಬರ್ ನೀವೇ ಕೂತು ಕಟ್ಟಬೇಕು. ಡ್ಯೂಯಿ ನಂಬರ್ ಬೇರೆಯವರ ದಾಖಲೆಯಲ್ಲಿ ಸಿದ್ಧವಾಗಿ ಸಿಗುತ್ತದೆ. ಜಾಸ್ತಿ ಕಡೆ ಅದೇ ಉಳಿದಿರುವುದು ಅದಕ್ಕೇ, ಚೆನ್ನಾಗಿದೆ ಅಂತಲ್ಲ. (ಪಕ್ಕದ ಮನೆಯ ಮರಾಠಿಯನ್ನು 891.46ರಲ್ಲಿ ಬಿಟ್ಟು ಕನ್ನಡವನ್ನು ಹಂಗೇರಿ, ಫಿನ್ಲೆಂಡ್ ಭಾಷೆಗಳ ಜೊತೆ 894ರಲ್ಲಿ ಕೂರಿಸಿದೆ, ನೋಡಿ.)

ಮೊದಲು ಯಾವ ಲೇಖಕರಿಗೆ ಯಾವ ಹೆಸರು ಅಂತ ಒಂದು ಪಟ್ಟಿ ಮಾಡಿ. ಕಾವ್ಯನಾಮ, ನಿಜನಾಮ ಯಾವುದಾದರೂ ಸರಿ, ಒಂದನ್ನೇ ಹಿಡಿಯಿರಿ, ಇನ್ನೊಂದನ್ನು ಹುಡುಕಿದರೂ ಇದೇ ತೋರಿಸುವ ಹಾಗೆ ಕಂಪ್ಯೂಟರಿನಲ್ಲಿ ಸೇರಿಸಿ. ಸಮಿತಿಯವರು ಕೋಲನ್ನೇ ಬೇಕು ಅಂತ ಹಠ ಹಿಡಿದರೆ, ಹಳೆಯ ಪುಸ್ತಕಗಳಿಗೆಲ್ಲ ಹೊಸ ಲೇಬಲ್ ಅಂಟಿಸುವವರು ಯಾರು ಅಂತ ಕೇಳಿ.