ಕಾಲು ಕಳೆದುಕೊಂಡ ತಮ್ಮನನ್ನು ಮೈದಾನಕ್ಕೆ ಕರೆದೊಯ್ಯಲೇ?

ಅಕ್ಕಾ, ಅಪಘಾತದಲ್ಲಿ ಕಾಲು ಹೋದ ತಮ್ಮ ವಾಲಿಬಾಲ್ ಹೆಸರೆತ್ತಿದರೆ ಸಿಡುಕುತ್ತಾನೆ, ಒತ್ತಾಯ ಮಾಡಿ ಮೈದಾನಕ್ಕೆ ಕರೆದೊಯ್ಯಲೇ ಎಂದು ಕೇಳಿದ್ದೀರಿ. ಈಗಲೇ ಬೇಡ. ನನ್ನ ಬಲಗಾಲು ಹೋದಾಗ ಗಾಯದ ನೋವಿಗಿಂತ ಗೆಳೆಯರ ಆಟ ನೋಡುವುದೇ ಹೆಚ್ಚು ಹಿಂಸೆಯಾಗುತ್ತಿತ್ತು. ಎಂಟು ತಿಂಗಳ ಮೇಲೆ ಒಬ್ಬನೇ ಕಾರವಾರದ ಟ್ಯಾಗೋರ್ ಕಡಲತೀರಕ್ಕೆ ಹೋದೆ. ಒಣ ಮರಳಲ್ಲಿ ಊರುಗೋಲು ಹೂತುಹೋಗುತ್ತದೆ. ನೀರಿಳಿದ ಹೊತ್ತಲ್ಲಿ ಒದ್ದೆ ಮರಳು ಗಟ್ಟಿ, ಅಲ್ಲಿ ನಡೆದೆ. ಅವನಾಗಿ ಕೇಳಿದಾಗ ಕುಳಿತು ಆಡುವ ವಾಲಿಬಾಲ್ ವಿಷಯ ಹೇಳಿ. ಪ್ಯಾರಾಲಿಂಪಿಕ್ಸ್‌ನಲ್ಲೂ ಇದೆ, ಪುರುಷರ ನೆಟ್ 1.15 ಮೀಟರ್ ಎತ್ತರ ಅಷ್ಟೇ. ಆದರೆ ಊಟ, ನಿದ್ದೆ ಬಿಟ್ಟಿದ್ದರೆ, ಸಾಯುವ ಮಾತಾಡಿದರೆ ಆಟದ ಮಾತು ಬದಿಗಿಡಿ, ಇವತ್ತೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ. ಉಚಿತ, ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.