ತಮ್ಮನ ತೆರಿಗೆ ಬಾಕಿ, ಜಂಟಿ ನಿವೇಶನಕ್ಕೆ ಜಪ್ತಿ

ಪ್ರಶ್ನೆ: ನಾನು, ನನ್ನ ತಮ್ಮ ಸೇರಿ ಜಂಟಿ ಹೆಸರಿನಲ್ಲಿ ನಿವೇಶನ ಕೊಂಡಿದ್ದೇವೆ. ಅವನ ಆದಾಯ ತೆರಿಗೆ ಬಾಕಿಗಾಗಿ ಆದ ಜಪ್ತಿ ಈಗ ಇಸಿಯಲ್ಲಿ (ಋಣಭಾರ ಪ್ರಮಾಣಪತ್ರ) ಇಡೀ ನಿವೇಶನದ ಮೇಲೆ ಕಾಣುತ್ತಿದೆ. ನನ್ನ ಅರ್ಧ ಮಾರಬಹುದೇ?

ಉತ್ತರ: ಬಾಕಿ ನಿಮ್ಮ ತಮ್ಮನದು, ಹಾಗಾಗಿ ಜಪ್ತಿ ತಗಲುವುದು ಅವರ ಪಾಲಿಗೆ ಮಾತ್ರ. ಕಾನೂನಿನಲ್ಲಿ ನಿಮ್ಮ ಪಾಲು ಮಾರಲು ಅಡ್ಡಿಯಿಲ್ಲ. ಆದರೆ ಇಸಿಯಲ್ಲಿ ಈ ನಮೂದು ಇರುವವರೆಗೆ ಬ್ಯಾಂಕ್ ಸಾಲ ಕೊಡುವುದು ಕಷ್ಟ, ಕೊಳ್ಳುವವರೂ ಹಿಂಜರಿಯುತ್ತಾರೆ.

ಮೊದಲು ಜಪ್ತಿ ಆದೇಶದ ಪ್ರತಿ ಪಡೆದು ಷೆಡ್ಯೂಲ್ (ಆಸ್ತಿಯ ವಿವರವಿರುವ ಭಾಗ) ಓದಿ. 'ಸುಸ್ತಿದಾರನ ಅವಿಭಜಿತ ಪಾಲು' (ಅಂದರೆ ಬಾಕಿ ಉಳಿಸಿಕೊಂಡ ತಮ್ಮನ, ಇನ್ನೂ ಬೇರ್ಪಡಿಸದ ಪಾಲು) ಎಂದಿದೆಯೇ, ಅಥವಾ ಪೂರ್ತಿ ಅಳತೆ, ಚಕ್ಕುಬಂದಿ ಬರೆದಿದ್ದಾರೆಯೇ? ಪೂರ್ತಿ ಬರೆದಿದ್ದರೆ, ಮತ್ತು ಜಪ್ತಿ 2026ರ ಮಾರ್ಚ್‌ವರೆಗೆ ಜಾರಿಯಲ್ಲಿದ್ದ 1961ರ ಆದಾಯ ತೆರಿಗೆ ಕಾಯ್ದೆಯಡಿ ಆಗಿದ್ದರೆ, ಅದರ ಎರಡನೇ ಅನುಸೂಚಿಯ ನಿಯಮ 11ರಡಿ ತೆರಿಗೆ ವಸೂಲಾತಿ ಅಧಿಕಾರಿಗೆ ಆಕ್ಷೇಪಣೆ ಸಲ್ಲಿಸಿ. ಜೊತೆಗೆ ಕ್ರಯಪತ್ರ ಮತ್ತು ನೀವು ಹಣ ಕಟ್ಟಿದ ಬ್ಯಾಂಕ್ ದಾಖಲೆ ಇರಲಿ. ಕ್ರಯಪತ್ರದಲ್ಲಿ ಪಾಲು ನಮೂದಾಗಿಲ್ಲದಿದ್ದರೆ, ಯಾರು ಎಷ್ಟು ಹಾಕಿದರೆಂಬುದೇ ಆಧಾರ. ಪುರಾವೆ ಇಲ್ಲದಿದ್ದರೆ ಸಮಪಾಲೆಂದು ಭಾವಿಸಲಾಗುತ್ತದೆ. ಹರಾಜಿನ ತನಕ ಕಾಯಬೇಡಿ: ಅನಗತ್ಯವಾಗಿ ತಡಮಾಡಿದ ಆಕ್ಷೇಪಣೆಯನ್ನು ವಿಚಾರಣೆಯಿಲ್ಲದೆ ತಳ್ಳಿಹಾಕಬಹುದು. ಆಕ್ಷೇಪಣೆ ತಿರಸ್ಕೃತವಾದರೆ ಸಿವಿಲ್ ದಾವೆಯ ದಾರಿಯಿದೆ.

ಈ ಹಂತದಲ್ಲಿ ತಮ್ಮನಿಂದ ಬಿಡುಗಡೆ ಪತ್ರ (ತನ್ನ ಪಾಲನ್ನು ನಿಮಗೆ ಬಿಟ್ಟುಕೊಡುವ ಪತ್ರ) ಬರೆಸಿಕೊಳ್ಳಲೇಬೇಡಿ. ವಸೂಲಾತಿ ನೋಟಿಸ್ ಜಾರಿಯಾದ ಮೇಲೆ ಅಧಿಕಾರಿಯ ಅನುಮತಿಯಿಲ್ಲದೆ ಅವರು ಆಸ್ತಿ ಪರಭಾರೆ ಮಾಡುವಂತಿಲ್ಲ. ಆ ಪತ್ರ ಇಲಾಖೆಯ ಎದುರು ನಿಲ್ಲದು. ಅನುಮತಿ ಪಡೆದು, ನಿಮ್ಮ ಅರ್ಧ ನಿಮಗೆ ಉಳಿದು ಅವರ ಅರ್ಧದ ಹಣ ನೇರ ಬಾಕಿಗೆ ಜಮೆಯಾಗುವಂತೆ ಇಡೀ ನಿವೇಶನ ಮಾರುವುದು ನಮ್ಮ ದೃಷ್ಟಿಯಲ್ಲಿ ಮೇಲು.

ಬಾಕಿ ತೀರಿದ ಬಳಿಕ ಜಪ್ತಿ ತೆರವಿನ ಆದೇಶ ಉಪನೋಂದಣಾಧಿಕಾರಿ ಕಚೇರಿಗೆ ತಲುಪಿತೇ ಎಂದು ನೀವೇ ವಿಚಾರಿಸಿ, ಹೊಸ ಇಸಿ ತೆಗೆಸಿ ನೋಡಿ.